ಸಂಕದಷ್ಟು ಸಣ್ಣ ನೆಟ್ಟಲ್ಲಿ ಬಾಯಿಂಕ್ ಓಡಿಸ್ಬಹುದಾ?

ಪ್ರಶ್ನೆ: ಸರ್, ನಾನು ಹೊಸನಗರ ತಾಲ್ಲೂಕಿನ ಒಂದು ಹಳ್ಳೀಲಿ ಹೈಸ್ಕೂಲ್ ಮೇಷ್ಟ್ರು, ಗಣಿತ ವಿಜ್ಞಾನ ಎರಡೂ ನಂದೇ. ಮನೇಲಿ ನಾಲ್ಕು ಕೋರಿನ ಡೆಸ್ಕ್‌ಟಾಪ್ ಇದೆ, ದಿನಕ್ಕೆ ಒಂದೆರಡು ಗಂಟೆ ಬಿಟ್ರೆ ಸುಮ್ನೆ ಕೂತಿರುತ್ತೆ ಅಂತ ಬಾಯಿಂಕ್ ಹಾಕ್ದೆ, ಅದೇ ಸುಮ್ನಿರೋ ಕಂಪ್ಯೂಟರಲ್ಲಿ ವಿಜ್ಞಾನಿಗಳ ಲೆಕ್ಕ ಮಾಡ್ಕೊಡೋ ಸಾಫ್ಟ್‌ವೇರು. ಮಳೆ ಬಗ್ಗೆ ಆಸಕ್ತಿ ಇರೋದ್ರಿಂದ ಹವಾಮಾನದ ಲೆಕ್ಕ ಮಾಡೋ ಕ್ಲೈಮೇಟ್‌ಪ್ರೆಡಿಕ್ಷನ್ ಸೇರ್ಕೊಂಡೆ, ಜೊತೆಗೆ ಇನ್ನೆರಡು ಪ್ರಾಜೆಕ್ಟ್. ನೆಟ್ಟು ಹಳೇ ತಾಮ್ರದ ಲೈನು, ಡೌನ್‌ಲೋಡ್ 2 ಎಂಬಿಪಿಎಸ್, ಅಪ್‌ಲೋಡ್ 0.4. ಈಗ ಏನಾಗಿದೆ ಅಂದ್ರೆ ಟ್ರಾನ್ಸ್‌ಫರ್ಸ್ ಟ್ಯಾಬಲ್ಲಿ 22 ಫೈಲು ಸಿಕ್ಕಾಕೊಂಡಿವೆ, ಒಟ್ಟು 600 ಎಂಬಿ, ಒಂದೊಂದೂ 'ಇನ್ನು 3 ಗಂಟೆ ಆದ್ಮೇಲೆ ರೀಟ್ರೈ' ಅಂತ ತೋರಿಸುತ್ತೆ. ಆಗಾಗ 'ಟೂ ಮೆನಿ ಅಪ್‌ಲೋಡ್ಸ್ ಇನ್ ಪ್ರೋಗ್ರೆಸ್' ಅಂತ ಬಂದು ಒಂದು ಪ್ರಾಜೆಕ್ಟಿಂದ ಹೊಸ ಕೆಲ್ಸನೇ ಬರಲ್ಲ. ಮಗಳ ಆನ್‌ಲೈನ್ ಟ್ಯೂಷನ್ ಹೊತ್ತಿಗೆ ವಿಡಿಯೋ ನಿಂತುಹೋಗುತ್ತೆ, ಮನೆಯವಳು ಆ ದರಿದ್ರದ ಪ್ರೋಗ್ರಾಮ್ ತೆಗೀರಿ ಅಂತಾಳೆ. ಪಕ್ಕದ್ಮನೆ ಹುಡುಗ ಇದು ಯಾರಿಗೋ ಬಿಟ್‌ಕಾಯಿನ್ ಮೈನ್ ಮಾಡ್ಕೊಡ್ತಾ ಇದೆ ಅಂತ ಹೆದ್ರಿಸಿದಾನೆ. ಇಷ್ಟು ನಿಧಾನದ ನೆಟ್ಟಲ್ಲಿ ಇದನ್ನ ಓಡಿಸೋದ್ರಲ್ಲಿ ಅರ್ಥ ಇದೆಯಾ? ಇಲ್ಲಾಂದ್ರೆ ನಮ್ಮ ಸ್ಕೂಲ್ ಲ್ಯಾಬಲ್ಲಿ ಹತ್ತು ಕಂಪ್ಯೂಟರ್ ಇದೆ, ಫೈಬರೂ ಬಂದಿದೆ, ಅಲ್ಲಿಗೆ ಹಾಕ್ಬಿಡ್ಲಾ?

ಉತ್ತರ: ಮೇಷ್ಟ್ರೇ, ಮೊದ್ಲು ಸಮಾಧಾನದ ಮಾತು, ನಿಮ್ಮ ನೆಟ್ಟು ಈ ಕೆಲಸಕ್ಕೆ ಧಾರಾಳ ಸಾಕು. ಪ್ರಾಜೆಕ್ಟ್ ಆರಿಸ್ಕೊಂಡಿರೋದು ಮತ್ತೆ ಸೆಟ್ಟಿಂಗ್ ಹಂಗೇ ಬಿಟ್ಟಿರೋದು, ಇವೆರಡೇ ನಿಮಗೆ ಕಾಟ ಕೊಡ್ತಿರೋದು. ನೀವು ಒಂದೇ ತೊಂದ್ರೆ ಅಂದ್ಕೊಂಡಿರೋದ್ರಲ್ಲಿ ಮೂರು ಬೇರೆ ಬೇರೆ ತೊಂದ್ರೆ ಹೆಣ್ಕೊಂಡಿದೆ: ಫೈಲು ಹೋಗ್ದೇ ಇರೋದು, ಹೊಸ ಕೆಲಸ ಬರ್ದೇ ಇರೋದು, ಮಗಳ ಕ್ಲಾಸು ನಿಲ್ಲೋದು. ಮೂರಕ್ಕೂ ಮೂಲ ಒಂದೇ ಕಡೆ ಇದೆ, ಅದು ಆ 0.4 ಅಪ್‌ಲೋಡಿನ ಮೇಲೆ ಬೀಳ್ತಿರೋ ಭಾರ. ಎಲ್ರೂ ನೋಡೋದು ಡೌನ್‌ಲೋಡ್ ಸ್ಪೀಡು, ಇಲ್ಲಿ ಕುತ್ತಿಗೆ ಹಿಡಿಯೋದು ಅಪ್‌ಲೋಡು.

ನಾನು ಒಂದು ಕಾಲೇಜಲ್ಲಿ ನೆಟ್‌ವರ್ಕ್ ನೋಡ್ಕೊಳೋ ಕೆಲಸ ಮಾಡ್ಕೊಂಡು ಬಂದೋನು, ಈ ಹುಚ್ಚು ನನಗೆ ಹತ್ತಿದ್ದು ಡಯಲಪ್ ಕಾಲದಲ್ಲಿ. ಅಮೆರಿಕದ ಬರ್ಕ್ಲಿ ಯೂನಿವರ್ಸಿಟಿಯವರು ಸೆಟಿ ಅಟ್ ಹೋಮ್ ಶುರು ಮಾಡಿದ್ದು 1999ರ ಮೇ 17ಕ್ಕೆ, ಜನರ ಮನೆ ಕಂಪ್ಯೂಟರುಗಳಲ್ಲಿ ಅನ್ಯಗ್ರಹದವರ ಸಿಗ್ನಲ್ ಏನಾದ್ರೂ ಇದೆಯಾ ಅಂತ ರೇಡಿಯೋ ಟೆಲಿಸ್ಕೋಪಿನ ಡೇಟಾ ಜಾಲಾಡೋದು. ಒಂದು ಸಲಕ್ಕೆ ಕೊಡೋ ಕೆಲಸಕ್ಕೆ ವರ್ಕ್ ಯೂನಿಟ್ ಅಂತಿದ್ರು, ಅಂದ್ರೆ 107 ಸೆಕೆಂಡಿನ ಸಿಗ್ನಲ್ಲು, ಸುಮಾರು 340 ಕೆಬಿ ಫೈಲು. ಮೋಡೆಮ್ ಕಿರ್ರ್ ಅಂತ ಕೂಗಿ ಕನೆಕ್ಟ್ ಆದ್ಮೇಲೆ ಸೆಕೆಂಡಿಗೆ ನಾಲ್ಕು ಕೆಬಿ ಬಂದ್ರೆ ಪುಣ್ಯ, ಅಂದ್ರೂ ಒಂದೂವರೆ ನಿಮಿಷದಲ್ಲಿ ಇಳಿದ್ಬಿಡ್ತಿತ್ತು, ಆಮೇಲೆ ಫೋನ್ ಕಟ್ ಮಾಡಿ ಮಲಗಿದ್ರೆ ನನ್ನ ಆಗಿನ ಪೆಂಟಿಯಂ ಅದನ್ನ ಒಂದು ದಿನಕ್ಕೂ ಜಾಸ್ತಿ ಅಗೀತಾ ಕೂರ್ತಿತ್ತು. ನಗು ಬರೋ ವಿಷಯ ಇನ್ನೊಂದಿದೆ. ಆ ಡೇಟಾ ಬರ್ತಿದ್ದಿದ್ದು ಪೋರ್ಟೊರಿಕೊದ ಅರೆಸಿಬೊ ಟೆಲಿಸ್ಕೋಪಿಂದ, ಅಲ್ಲಿ ಅಷ್ಟು ಡೇಟಾ ಕಳಿಸೋವಷ್ಟು ಇಂಟರ್ನೆಟ್ಟೇ ಇರ್ಲಿಲ್ಲ, 35 ಜಿಬಿ ಟೇಪಿಗೆ ತುಂಬ್ಸಿ ಅಂಚೇಲಿ ಕ್ಯಾಲಿಫೋರ್ನಿಯಾಕ್ಕೆ ಕಳಿಸ್ತಿದ್ರು. ಸ್ಲೋ ನೆಟ್ಟು ಅಂತ ನಿಮಗೆ ನಾಚ್ಕೆ ಆದಾಗೆಲ್ಲ ಆ ಟೇಪಿನ ಡಬ್ಬಿ ನೆನಪಿಸ್ಕೊಳಿ.

ಹಂಗಾಗಿ ಈ ಥರದ ಪ್ರಾಜೆಕ್ಟಿಗೆ ಕೇಳ್ಬೇಕಾದ ಪ್ರಶ್ನೆ 'ನನ್ನ ಸ್ಪೀಡ್ ಎಷ್ಟು' ಅಂತಲ್ಲ. ಒಂದು ಎಂಬಿ ತರಿಸ್ಕೊಂಡ್ರೆ, ಒಂದು ಎಂಬಿ ಕಳಿಸಿದ್ರೆ, ಅದಕ್ಕೆ ಪ್ರತಿಯಾಗಿ ನನ್ನ ಪ್ರೊಸೆಸರ್ ಎಷ್ಟು ಗಂಟೆ ದುಡಿಯುತ್ತೆ ಅಂತ ನೋಡ್ಬೇಕು. ಎಂಬಿಗೆ ಹತ್ತು ಗಂಟೆ ದುಡಿಯೋ ಕೆಲಸ ಹಿಡಿದ್ರೆ ನಿಮ್ಮ ಲೈನಿಗೂ ಬೆಂಗಳೂರಲ್ಲಿ ಫೈಬರ್ ಇರೋನಿಗೂ ವ್ಯತ್ಯಾಸನೇ ಇರಲ್ಲ, ನಾಲ್ಕು ಕೋರು ನಾಲ್ಕು ಕೋರೇ. ಹತ್ತು ನಿಮಿಷ ದುಡಿದು ಐವತ್ತು ಎಂಬಿ ವಾಪಸ್ ಕಳಿಸೋ ಕೆಲಸ ಹಿಡಿದ್ರೆ ಫೈಬರ್ ಇರೋನೂ ಬೈಕೋತಾನೆ.

ಈಗ ಪಕ್ಕದ್ಮನೆ ಹುಡುಗನ ಮಾತು. ಬಾಯಿಂಕ್ ಬಿಟ್‌ಕಾಯಿನ್ ಮೈನ್ ಮಾಡಲ್ಲ. ಸೆಟಿ ಶುರು ಮಾಡಿದ ತಂಡದ ಡೇವಿಡ್ ಆಂಡರ್ಸನ್ನೇ ಬರ್ಕ್ಲಿಯಲ್ಲಿ 2002ರ ಹೊತ್ತಿಗೆ ಕೈ ಹಾಕಿದ ಓಪನ್ ಸೋರ್ಸ್ ಸಾಫ್ಟ್‌ವೇರ್ ಅದು, ನೀವು ಯಾವ ಪ್ರಾಜೆಕ್ಟ್ ಸೇರ್ತೀರೋ ಅದರ ಲೆಕ್ಕ ಮಾತ್ರ ಮಾಡುತ್ತೆ. ಹುಡುಗನಿಗೆ ಗೊಂದಲ ಆಗಿರೋದಕ್ಕೂ ಕಾರಣ ಇರ್ಬಹುದು, ಬಾಯಿಂಕ್ ಕೆಲಸ ಮಾಡೋರಿಗೆ ಗ್ರಿಡ್‌ಕಾಯಿನ್ ಅನ್ನೋ ಕ್ರಿಪ್ಟೊ ಕೊಡೋ ಬೇರೆ ವ್ಯವಸ್ಥೆ ಒಂದಿದೆ, ಆದ್ರೆ ಅದಕ್ಕೆ ನೀವಾಗೇ ಹೋಗಿ ಸೇರ್ಬೇಕು, ತಾನಾಗೇ ಬಂದು ಕೂರಲ್ಲ. ಒಂದು ಎಚ್ಚರಿಕೆ ಮಾತ್ರ ಇಟ್ಕೊಳಿ, ಇನ್‌ಸ್ಟಾಲರನ್ನ ಬಾಯಿಂಕಿನ ಸ್ವಂತ ಸೈಟಿಂದ ಇಳಿಸಿದ್ದಾ ಅಂತ ನೋಡಿ, ಎಲ್ಲೆಲ್ಲಿಂದಲೋ ಇಳಿಸಿದ್ರೆ ಅದರ ಹೊಟ್ಟೇಲಿ ಏನಿರುತ್ತೆ ಅಂತ ನಾನು ಜವಾಬ್ದಾರಿ ತಗೊಳಲ್ಲ.

'ಬಾಯಿಂಕ್ ಸದಾ ನೆಟ್ಟು ತಿಂತಾನೇ ಇರುತ್ತೆ' ಅಂತ ಕೆಲವರು ಹೇಳೋದೂ ಸುಳ್ಳು. ಕೆಲಸ ತರೋವಾಗ, ಮುಗಿದಿದ್ದು ಕಳಿಸೋವಾಗ, ನಡುವೆ ಒಂದೆರಡು ಸಲ ಸರ್ವರ್ ಹತ್ರ ಮಾತಾಡೋವಾಗ, ಅಷ್ಟೇ. ಮಿಕ್ಕ ಹೊತ್ತಲ್ಲಿ ಕೇಬಲ್ ಕಿತ್ತಿಟ್ರೂ ಲೆಕ್ಕ ನಡೀತಾನೇ ಇರುತ್ತೆ. 'ತಡವಾಗಿ ಹೋದ ಫಲಿತಾಂಶ ಕಸ' ಅಂತ ಇನ್ನು ಕೆಲವರು ಹೇಳೋದು ಅರ್ಧ ನಿಜ. ಪ್ರತಿ ಟಾಸ್ಕಿಗೂ ಗಡುವು ಇರುತ್ತೆ, ಗಡುವಿನೊಳಗೆ ಯಾವತ್ತು ಕಳಿಸಿದ್ರೂ ಬೆಲೆ ಒಂದೇ. ಗಡುವು ದಾಟಿದ್ರೆ ಸರ್ವರ್ ಅದೇ ಕೆಲಸನ ಇನ್ನೊಬ್ರಿಗೆ ಕೊಡುತ್ತೆ, ಆಗ ನಿಮ್ಮ ಕರೆಂಟು ದಂಡ ಆಗೋ ಸಾಧ್ಯತೆ ಇದೆ. ಕೆಲವು ಪ್ರಾಜೆಕ್ಟಲ್ಲಿ ಒಂದೇ ಲೆಕ್ಕ ಇಬ್ರಿಗೆ ಕೊಟ್ಟು ತಾಳೆ ನೋಡ್ತಾರೆ, ಅಲ್ಲಿ ನೀವು ತಡ ಮಾಡಿದ್ರೆ ಪಾಪ ಇನ್ನೊಬ್ಬ ಎಲ್ಲೋ ಕೂತು ತನ್ನ ಕ್ರೆಡಿಟ್ಟಿಗೆ, ಅಂದ್ರೆ ಮಾಡಿದ ಕೆಲಸಕ್ಕೆ ಸಿಗೋ ಪಾಯಿಂಟಿಗೆ, ಕಾಯ್ತಿರ್ತಾನೆ.

ಮಗಳ ಕ್ಲಾಸು ಯಾಕೆ ನಿಲ್ಲುತ್ತೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದು ಅರ್ಥ ಆದ್ರೆ ಮಿಕ್ಕಿದ್ದೆಲ್ಲ ನೀವೇ ಸರಿ ಮಾಡ್ಕೋತೀರ. ನಿಮ್ಮ ಕಡೆ ಹಳ್ಳಕ್ಕೆ ಅಡಿಕೆ ಮರದ ಸಂಕ ಹಾಕಿರ್ತಾರಲ್ಲ, ಒಬ್ರು ಹೋಗೋವಷ್ಟೇ ಅಗಲ. ನಿಮ್ಮ ಅಪ್‌ಲೋಡ್ ಲೈನು ಅಂಥ ಸಂಕ. ಬಾಯಿಂಕ್ ದೊಡ್ಡ ಫೈಲು ಕಳಿಸೋದು ಅಂದ್ರೆ ಮೂಟೆ ಹೊತ್ತವರ ಸಾಲು ಒಂದರ ಹಿಂದೆ ಒಂದು ಸಂಕ ಹತ್ತಿದ ಹಾಗೆ. ಮಗಳ ವಿಡಿಯೋ ಕ್ಲಾಸಿನದು ಮೂಟೆ ಅಲ್ಲ, ಚೀಟಿ ಹಿಡ್ಕೊಂಡು ಓಡೋ ಹುಡುಗರು, ತೂಕ ಏನಿಲ್ಲ ಆದ್ರೆ ಹೊತ್ತಿಗೆ ಸರಿಯಾಗಿ ಮುಟ್ಬೇಕು. ಅವರೂ ಅದೇ ಸಾಲಲ್ಲಿ ನಿಲ್ಬೇಕಾಗುತ್ತೆ. ನಿಮ್ಮ ರೂಟರ್ ಬೇರೆ ದೊಡ್ಡ ಮನಸ್ಸಿನದು, ಎಷ್ಟು ಮೂಟೆ ಬಂದ್ರೂ ದಡದಲ್ಲಿ ನಿಲ್ಲಿಸ್ಕೊಳುತ್ತೆ, ಬೇಡ ಅಂತ ವಾಪಸ್ ಕಳಿಸಲ್ಲ, ಸಾಲು ಉದ್ದ ಆಗ್ತಾ ಹೋಗುತ್ತೆ. ಇದಕ್ಕೆ ನಾವು ನೆಟ್‌ವರ್ಕ್ ಕೆಲಸದೋರು ಬಫರ್‌ಬ್ಲೋಟ್ ಅಂತೀವಿ. ಇನ್ನೂ ವಿಚಿತ್ರ ಅಂದ್ರೆ ಡೌನ್‌ಲೋಡೂ ಕೆಡುತ್ತೆ. ಆ ಕಡೆಯಿಂದ ಬಂದ ಪ್ರತಿ ಕಂತಿಗೂ 'ಮುಟ್ತು' ಅಂತ ಈ ಕಡೆಯಿಂದ ರಸೀದಿ ಹೋಗ್ಬೇಕು, ಆ ರಸೀದಿಗಳೂ ಮೂಟೆ ಸಾಲಿನ ಹಿಂದೆ ಸಿಕ್ಕಾಕೊಳುತ್ವೆ, ರಸೀದಿ ಬರ್ಲಿಲ್ಲ ಅಂತ ಆ ಕಡೆಯವ್ನು ಕಳಿಸೋದು ನಿಧಾನ ಮಾಡ್ತಾನೆ. 2 ಎಂಬಿಪಿಎಸ್ ಇದ್ರೂ ಪೇಜ್ ಓಪನ್ ಆಗಲ್ಲ ಅಂತ ನಿಮಗನ್ಸೋದು ಇದಕ್ಕೇ.

ನಂಬಿಕೆ ಬರ್ದಿದ್ರೆ ನೀವೇ ಪ್ರಯೋಗ ಮಾಡಿ, ವಿಜ್ಞಾನದ ಮೇಷ್ಟ್ರಲ್ವಾ. ಕಮಾಂಡ್ ಪ್ರಾಂಪ್ಟಲ್ಲಿ ಯಾವ್ದಾದ್ರೂ ದೊಡ್ಡ ಸೈಟಿಗೆ ಪಿಂಗ್ ಹಾಕಿ ಬಿಡಿ, ಸಂದೇಶ ಹೋಗಿ ಬರೋಕೆ ಎಷ್ಟು ಹೊತ್ತು ಅಂತ ಅದು ತೋರಿಸುತ್ತೆ, ಬಾಯಿಂಕ್ ಸುಮ್ನಿದ್ದಾಗ ಮಿಲಿಸೆಕೆಂಡ್ ಎಷ್ಟು ಅಂತ ಬರ್ಕೊಳಿ, ಆಮೇಲೆ ಒಂದು ಅಪ್‌ಲೋಡ್ ಶುರು ಮಾಡಿ ಮತ್ತೆ ನೋಡಿ. ಇಂಥ ಲೈನುಗಳಲ್ಲಿ 40, 50 ಇದ್ದಿದ್ದು ಸಾವಿರ ದಾಟೋದನ್ನ ನಾನೇ ಎಷ್ಟೋ ಮನೇಲಿ ನೋಡಿದೀನಿ.

ಮದ್ದು ಏನಪ್ಪಾ ಅಂದ್ರೆ ಸಂಕ ತುಂಬೋಕೆ ಬಿಡಬಾರದು, ಹಗಲಲ್ಲಂತೂ ಮೂಟೆ ಹೊರಿಸಲೇಬಾರದು. ಲೆಕ್ಕ ಹಾಕೋಣ. ನೆಟ್ ಕಂಪನಿಯವರು ಹೇಳೋದು ಮೆಗಾಬಿಟ್ಟು, ಬಾಯಿಂಕ್ ಕೇಳೋದು ಕಿಲೋಬೈಟು, ಇಲ್ಲೇ ಬಹಳ ಜನ ಎಡವೋದು. 0.4 ಎಂಬಿಪಿಎಸ್ ಅಂದ್ರೆ ಎಂಟರಿಂದ ಭಾಗಿಸಿ ಸೆಕೆಂಡಿಗೆ 50 ಕೆಬಿ. ಅದರಲ್ಲಿ ಸುಮಾರು 70 ಪರ್ಸೆಂಟ್, 35 ಕೆಬಿ ಬಾಯಿಂಕಿಗೆ ಕೊಡಿ. ರಾತ್ರಿ 11ರಿಂದ ಬೆಳಗ್ಗೆ 5ರ ತನಕ ಆರು ಗಂಟೆ, ಅಂದ್ರೆ 21,600 ಸೆಕೆಂಡು, 35ರಿಂದ ಗುಣಿಸಿದ್ರೆ 756 ಎಂಬಿ. ನಿಮ್ಮ ತಲೆ ಕೆಡಿಸಿರೋ 600 ಎಂಬಿ ಲೈನು ಕಟ್ಟಾಗ್ದೇ ಇದ್ರೆ ಪೂರ್ತಿ ಐದು ಗಂಟೆನೂ ಹಿಡಿಯಲ್ಲ. ಒಂದು ರಾತ್ರಿ ಕೆಲಸ!

ಸೆಟ್ಟಿಂಗ್ ಎಲ್ಲಿದೆ ಅಂದ್ರೆ, ಬಾಯಿಂಕ್ ಮ್ಯಾನೇಜರನ್ನ ಅಡ್ವಾನ್ಸ್ಡ್ ವ್ಯೂಗೆ ಹಾಕ್ಕೊಂಡು ಆಪ್ಷನ್ಸ್ ಒಳಗೆ ಕಂಪ್ಯೂಟಿಂಗ್ ಪ್ರಿಫರೆನ್ಸಸ್ ತೆಗೀರಿ. ನೆಟ್‌ವರ್ಕ್ ಅನ್ನೋ ಕಡೆ ಅಪ್‌ಲೋಡ್ ಮಿತಿ 35, ಡೌನ್‌ಲೋಡ್ ಮಿತಿ 150 ಕೆಬಿ ಅಂತ ಹಾಕಿ. ಡೈಲಿ ಷೆಡ್ಯೂಲ್ಸ್ ಅನ್ನೋ ಕಡೆ ಫೈಲ್ ಟ್ರಾನ್ಸ್‌ಫರ್ ಇಷ್ಟರಿಂದ ಇಷ್ಟು ಗಂಟೆ ಮಾತ್ರ ಅಂತ ಕೊಡೋಕಾಗುತ್ತೆ, 23:00ರಿಂದ 5:00 ಕೊಡಿ. ಹೀಗೆ ಕೊಟ್ರೆ ಹಗಲು ಲೆಕ್ಕ ನಡೀತಿರುತ್ತೆ, ನೆಟ್ಟು ಮಾತ್ರ ಮುಟ್ಟಲ್ಲ. ಒಂದು ವಿಷಯ ಗಮನ ಇರ್ಲಿ, ಪ್ರಾಜೆಕ್ಟಿನ ವೆಬ್‌ಸೈಟಲ್ಲೂ ಇದೇ ಸೆಟ್ಟಿಂಗುಗಳು ಇರ್ತಾವೆ, ಆದ್ರೆ ಮ್ಯಾನೇಜರಲ್ಲಿ ಒಂದ್ಸಲ ಬದಲಾಯಿಸಿ ಸೇವ್ ಮಾಡಿದ್ರೆ ಆಮೇಲೆ ವೆಬ್ಬಲ್ಲಿ ಏನು ಬದಲಾಯಿಸಿದ್ರೂ ಈ ಕಂಪ್ಯೂಟರ್ ಕೇಳಲ್ಲ, ಲೋಕಲ್ ಮಾತೇ ಕೊನೆ ಮಾತು. ನನ್ನ ಹತ್ರ ಬರೋರಲ್ಲಿ 'ಸೈಟಲ್ಲಿ ಮಿತಿ ಹಾಕ್ದೆ ಸರ್, ಕೆಲಸನೇ ಮಾಡ್ತಿಲ್ಲ' ಅನ್ನೋರದ್ದು ಬಹುಪಾಲು ಇದೇ ಕಥೆ.

ಇನ್ನು ಆ 22 ಫೈಲು. ಬಾಯಿಂಕ್ ಸುಮ್ನೆ ಬಿಟ್ರೆ ಒಂದು ಪ್ರಾಜೆಕ್ಟಿಗೆ ಎರಡು, ಎಲ್ಲಾ ಸೇರಿ ಎಂಟು ಫೈಲು ಒಟ್ಟೊಟ್ಟಿಗೆ ಸಾಗಿಸೋಕೆ ನೋಡುತ್ತೆ. ಫೈಬರಿಗೆ ಸರಿ, ನಿಮ್ಮ ಲೈನಲ್ಲಿ 50 ಕೆಬಿನ ನಾಲ್ಕಾರು ಜನ ಹಂಚ್ಕೊಂಡ್ರೆ ಯಾವ್ದೂ ಮುಗಿಯಲ್ಲ, ನಡುವೆ ಲೈನ್ ಒಂದ್ಸಲ ಬಿತ್ತು ಅಂದ್ರೆ ಅಷ್ಟೂ ಫೇಲು. ಫೇಲ್ ಆದಷ್ಟೂ ಮುಂದಿನ ಪ್ರಯತ್ನಕ್ಕೆ ಕಾಯೋ ಹೊತ್ತು ಜಾಸ್ತಿ ಆಗ್ತಾ ಹೋಗುತ್ತೆ, ಸರ್ವರಿಗೆ ಎಲ್ರೂ ಒಟ್ಟಿಗೆ ಮುಗಿಬೀಳ್ಬಾರ್ದು ಅಂತ ಮಾಡಿರೋ ವ್ಯವಸ್ಥೆ ಅದು, ನಿಮ್ಮ 3 ಗಂಟೆ ಬಂದಿದ್ದು ಅಲ್ಲಿಂದ. ಡೇಟಾ ಫೋಲ್ಡರಲ್ಲಿ ಸಿಸಿ ಕಾನ್ಫಿಗ್ ಅನ್ನೋ ಎಕ್ಸ್‌ಎಂಎಲ್ ಫೈಲು ಇರುತ್ತೆ, ಇಲ್ದಿದ್ರೆ ನಾವೇ ಮಾಡ್ಬಹುದು, ಅದರಲ್ಲಿ ಮ್ಯಾಕ್ಸ್ ಫೈಲ್ ಎಕ್ಸ್‌ಫರ್ಸ್ ಅನ್ನೋದನ್ನ 1 ಮಾಡಿದ್ರೆ ಒಂದು ಸಲಕ್ಕೆ ಒಂದೇ ಫೈಲು ಹೋಗುತ್ತೆ, ಮುಗಿಸ್ಕೊಂಡು ಮುಂದಿನದು. ಒಳ್ಳೇ ಸುದ್ದಿ ಅಂದ್ರೆ ಅರ್ಧಕ್ಕೆ ನಿಂತ ಅಪ್‌ಲೋಡು ಮೊದಲಿಂದ ಶುರು ಆಗಲ್ಲ, ಎಷ್ಟು ಮುಟ್ಟಿದೆ ಅಂತ ಸರ್ವರನ್ನ ಕೇಳಿ ಅಲ್ಲಿಂದ ಮುಂದುವರಿಸುತ್ತೆ. ಅದಕ್ಕೇ ಹೇಳೋದು, ಸಿಟ್ಟು ಬಂತು ಅಂತ ಅಬಾರ್ಟ್ ಒತ್ತಬೇಡಿ, ಅದು ಒತ್ತಿದ್ರೆ ಎಷ್ಟೋ ದಿನದ ಲೆಕ್ಕ ಹೋಯ್ತು.

'ಟೂ ಮೆನಿ ಅಪ್‌ಲೋಡ್ಸ್' ಅನ್ನೋದು ಎರರ್ ಅಲ್ಲ, ಬುದ್ಧಿವಂತಿಕೆ. ಒಂದು ಪ್ರಾಜೆಕ್ಟಿನ ಮುಗಿದ ಟಾಸ್ಕುಗಳು ನಿಮ್ಮ ಕೋರಿನ ಎರಡರಷ್ಟಕ್ಕಿಂತ ಜಾಸ್ತಿ, ಅಂದ್ರೆ ನಿಮ್ಮ ಲೆಕ್ಕದಲ್ಲಿ ಎಂಟು ಮೀರಿ, ಅಪ್‌ಲೋಡಿಗೆ ಕಾದು ಕೂತ್ರೆ ಆ ಪ್ರಾಜೆಕ್ಟಿಂದ ಹೊಸ ಕೆಲಸ ಕೇಳೋದನ್ನ ಬಾಯಿಂಕ್ ನಿಲ್ಸುತ್ತೆ. ಕಣಜ ಖಾಲಿ ಆಗ್ದೆ ಇನ್ನಷ್ಟು ತುಂಬಬೇಡ ಅಂತ. ಅಪ್‌ಲೋಡ್ ಸರಿಹೋದ್ರೆ ಇದು ತಾನಾಗೇ ಹೋಗುತ್ತೆ. ಎಲ್ಲ ಸರಿ ಇದ್ದೂ ಒಂದೇ ಪ್ರಾಜೆಕ್ಟಿನ ಫೈಲು ಮಾತ್ರ ನಿಂತಿದ್ರೆ ಅವರ ಸರ್ವರ್ ಮಲಗಿರುತ್ತೆ, ಇವೆಲ್ಲ ಕಡಿಮೆ ದುಡ್ಡಲ್ಲಿ ನಡೆಯೋ ಯೂನಿವರ್ಸಿಟಿ ಪ್ರಾಜೆಕ್ಟುಗಳು, ಡಿಸ್ಕ್ ತುಂಬೋದು ಸರ್ವರ್ ಬೀಳೋದು ಮಾಮೂಲು. ಬಾಯಿಂಕ್ ಏನೇನು ಮಾಡ್ತು ಅಂತ ಬರ್ದಿಡೋ ಇವೆಂಟ್ ಲಾಗಲ್ಲಿ ನೋಡಿದ್ರೆ ಗೊತ್ತಾಗುತ್ತೆ, ನಿಮ್ಮ ಲೈನನ್ನ ಬೈಕೋಬೇಡಿ.

ಪ್ರಾಜೆಕ್ಟ್ ಯಾವ್ದು ಅನ್ನೋದೇ ಇಲ್ಲಿ ದೊಡ್ಡ ವಿಷಯ. ಕ್ಲೈಮೇಟ್‌ಪ್ರೆಡಿಕ್ಷನ್ ಆಕ್ಸ್‌ಫರ್ಡಿನವರದ್ದು, 2003ರಿಂದ ಇದೆ, ನಿಮ್ಮಂಥ ಮಳೆ ಪ್ರೇಮಿಗಳು ಅದಕ್ಕೆ ಮರುಳಾಗೋದು ಸಹಜ, ನಾನೂ ಆಗಿದ್ದೆ. ಆದ್ರೆ ಸಣ್ಣ ಅಪ್‌ಲೋಡ್ ಲೈನಿಗೆ ಅಷ್ಟು ಹೊಂದದೇ ಇರೋ ಪ್ರಾಜೆಕ್ಟು ಇನ್ನೊಂದಿಲ್ಲ. ಹವಾಮಾನದ ಮಾದರಿ ದಿನಗಟ್ಲೆ ಓಡಿ ನಡುನಡುವೆ ಝಿಪ್ ಫೈಲು ಕಳಿಸ್ತಾ ಇರುತ್ತೆ, ಅವರಿಗೆ ಬೇಕಾಗಿರೋದು 'ಸಿಗ್ನಲ್ ಇದೆ, ಇಲ್ಲ' ಅನ್ನೋ ಒಂದು ಸಾಲಿನ ಉತ್ತರ ಅಲ್ಲ, ಇಡೀ ನಕ್ಷೆ. ನಾಲ್ಕೂ ಕೋರಲ್ಲಿ ನಾಲ್ಕು ಮಾದರಿ ಓಡಿಸಿದ್ರೆ ಮೂಟೆ ನಾಲ್ಕು ಪಟ್ಟು. ಬಿಡಕ್ಕೆ ಮನಸ್ಸಿಲ್ಲ ಅಂದ್ರೆ ಒಂದು ಕೋರಿಗೆ ಒಂದೇ ಟಾಸ್ಕು ಅಂತ ಇಟ್ಕೊಳಿ, ಮಿಕ್ಕ ಮೂರಕ್ಕೆ ಹಗುರದ್ದು ಕೊಡಿ. ಇನ್ನೊಂದು, ಮಾದರಿ ಓಡ್ತಿರೋವಾಗ ಕರೆಂಟ್ ತಟಕ್ಕನೆ ಹೋದ್ರೆ ಕೆಲವು ಸಲ ಟಾಸ್ಕ್ ಪೂರ್ತಿ ಕೆಟ್ಟೇ ಹೋಗುತ್ತೆ, ಯುಪಿಎಸ್ ಇಲ್ದೇ ಮಲೆನಾಡಲ್ಲಿ ಅದನ್ನ ಓಡಿಸೋದು ಬೇಡ ಅಂತಲೇ ನನ್ನ ಸಲಹೆ.

ಐನ್‌ಸ್ಟೈನ್ ಅಟ್ ಹೋಮ್ ನಿಮ್ಮ ಥರದ ಲೈನಿಗೆ ನೋಡಬಹುದಾದ್ದು, ಯಾಕಂದ್ರೆ ಅದರ ಭಾರ ಇರೋದು ಡೌನ್‌ಲೋಡಲ್ಲಿ. ಗುರುತ್ವ ಅಲೆ ಹುಡುಕೋ ಟಾಸ್ಕಿಗೆ ಮೊದಲ ದಿನ ಭರ್ತಿ ಡೇಟಾ ಇಳಿಸುತ್ತೆ, ನೂರಾರು ಎಂಬಿ ಆದ್ರೂ ಗಾಬರಿ ಬೇಡ, ಅದೇ ಫೈಲುಗಳನ್ನ ಇಟ್ಕೊಂಡು ಎಷ್ಟೋ ಟಾಸ್ಕು ಮಾಡೋ ಹಾಗೆ ಸರ್ವರೇ ಜೋಡಿಸಿ ಕೊಡುತ್ತೆ, ವಾಪಸ್ ಹೋಗೋ ಫಲಿತಾಂಶ ಚಿಕ್ಕದು. ಪ್ರೋಟೀನಿನ ಆಕಾರ ಲೆಕ್ಕ ಹಾಕೋ ರೊಸೆಟ್ಟಾ ಅಟ್ ಹೋಮ್, 2024ರಲ್ಲಿ ನೊಬೆಲ್ ಬಂದ ಡೇವಿಡ್ ಬೇಕರ್ ಅವರ ಲ್ಯಾಬಿಂದು, ಅದೂ ಮೊದಲಿಗೆ ದೊಡ್ಡ ಡೇಟಾಬೇಸ್ ಇಳಿಸುತ್ತೆ. ಅದರಲ್ಲಿ ಒಂದು ಚೆಂದದ ಸೌಕರ್ಯ ಇದೆ, ಒಂದು ಟಾಸ್ಕು ಎಷ್ಟು ಗಂಟೆ ಓಡ್ಬೇಕು ಅಂತ ನೀವೇ ಹೇಳ್ಬಹುದು, ಗಂಟೆ ಜಾಸ್ತಿ ಮಾಡಿದಷ್ಟೂ ದಿನಕ್ಕೆ ಬರೋ ಹೋಗೋ ಟಾಸ್ಕು ಕಡಿಮೆ ಆಗುತ್ತೆ. ಆದ್ರೆ ಕೆಲಸ ಯಾವಾಗ್ಲೂ ಇರಲ್ಲ, ಬಂದಾಗ ಬಂತು. ಸ್ವಿಟ್ಜರ್ಲೆಂಡಿನ ಕಣ ಭೌತಶಾಸ್ತ್ರದ ಸಂಸ್ಥೆ ಸೆರ್ನಿನವರ ಎಲ್‌ಎಚ್‌ಸಿ ಅಟ್ ಹೋಮ್ ಹೆಸರು ಕೇಳಿ ಆಸೆ ಆದ್ರೂ ವರ್ಚುವಲ್‌ಬಾಕ್ಸ್ (ಕಂಪ್ಯೂಟರೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸೋ ಸಾಫ್ಟ್‌ವೇರು) ಬೇಡೋ ಟಾಸ್ಕುಗಳಿಗೆ ಕೈ ಹಾಕ್ಬೇಡಿ, ಅವು ದೊಡ್ಡ ದೊಡ್ಡ ಇಮೇಜ್ ಇಳಿಸಿ, ಓಡೋವಾಗ್ಲೂ ನೆಟ್ಟು ಕೇಳ್ತಾ ಇರ್ತಾವೆ. ಫೋಲ್ಡಿಂಗ್ ಅಟ್ ಹೋಮ್ ಬಾಯಿಂಕಿಗೆ ಸೇರಿದ್ದಲ್ಲ, ಅದರಲ್ಲಿ ಕೆಲಸ ಮೊದಲೇ ತುಂಬಿಟ್ಕೊಳೋ ಪದ್ಧತಿ ಇಲ್ಲ, ಒಂದು ಮುಗೀತಿದ್ದ ಹಾಗೆ ಇನ್ನೊಂದು ಬೇಕು, ಬೇಗ ಕಳಿಸಿದೋರಿಗೆ ಬೋನಸ್ ಪಾಯಿಂಟು. ನಿಮ್ಮ ರಾತ್ರಿ ಮಾತ್ರ ಅನ್ನೋ ಏರ್ಪಾಡಿಗೆ ಅದು ಒಗ್ಗಲ್ಲ.

ಗಣಿತದ ಮೇಷ್ಟ್ರಿಗೆ ನಾನು ಕೊಡೋ ಮೊದಲ ಸಲಹೆ ಅಂದ್ರೆ ಗಿಂಪ್ಸ್. ಮರ್ಸೆನ್ ಅವಿಭಾಜ್ಯ, ಅಂದ್ರೆ 2ರ ಯಾವ್ದೋ ಘಾತದಲ್ಲಿ 1 ಕಳೆದ್ರೆ ಬರೋ ಅವಿಭಾಜ್ಯ, ಹುಡುಕೋದು, 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಶುರು ಮಾಡಿದ್ದು, ಇದಕ್ಕೆ ಬಾಯಿಂಕ್ ಅಲ್ಲ, ಪ್ರೈಮ್95 ಅನ್ನೋ ಅದರದ್ದೇ ಪ್ರೋಗ್ರಾಮು. 2024ರ ಅಕ್ಟೋಬರಲ್ಲಿ ಸಿಕ್ಕಿದ್ದು 2ರ ಘಾತ 13,62,79,841, ಅದರಲ್ಲಿ 1 ಕಳೆದ್ರೆ ಬರೋ ಸಂಖ್ಯೆ, 4 ಕೋಟಿ 10 ಲಕ್ಷಕ್ಕೂ ಜಾಸ್ತಿ ಅಂಕಿ ಇದೆ ಅದರಲ್ಲಿ. ನಿಮ್ಮ ಹತ್ತನೇ ಕ್ಲಾಸಿನ ಮಕ್ಕಳಿಗೆ ಹೇಳಿ ನೋಡಿ, ಕಣ್ಣು ಬಾಯಿ ಬಿಡ್ತಾರೆ. ನೆಟ್ಟಿನ ಲೆಕ್ಕದಲ್ಲಿ ಇದಕ್ಕೆ ಸಾಟಿ ಇಲ್ಲ, ಕೆಲಸ ಬರೋದು ಅಂದ್ರೆ ಒಂದು ಸಂಖ್ಯೆ ಬರೋದು, ಅಷ್ಟೇ. ಅದರಲ್ಲೂ ಅಪವರ್ತನ ಹುಡುಕೋ ಕೆಲಸ ಆರಿಸ್ಕೊಂಡ್ರೆ ವಾಪಸ್ ಹೋಗೋದೂ ಒಂದು ಸಾಲು. ಅವಿಭಾಜ್ಯವೋ ಅಲ್ವೋ ಅಂತ ಪೂರ್ತಿ ಪರೀಕ್ಷೆ ಮಾಡೋ ಕೆಲಸದಲ್ಲಿ ಮಾತ್ರ 2020ರಿಂದ ಪ್ರೂಫ್ ಫೈಲು ಅಂತ ಬಂದಿದೆ, ಇನ್ನೊಬ್ರು ಇಡೀ ಲೆಕ್ಕ ಮತ್ತೆ ಮಾಡ್ದೇ ತಾಳೆ ನೋಡೋಕೆ. ಘಾತ 10 ಕೋಟಿ ಆಸುಪಾಸಿದ್ರೆ ಅದು 110 ಎಂಬಿ ಹತ್ರ ಆಗುತ್ತೆ. ಹಾಗಂತ ಹೆದರಬೇಡಿ, ಅಂಥದ್ದೊಂದು ಪರೀಕ್ಷೆಗೆ ನಿಮ್ಮ ಮೆಶೀನು ದಿನಗಟ್ಲೆ ತಗೊಳುತ್ತೆ, ಅಪ್‌ಲೋಡಿಗೆ 35 ಕೆಬಿಯಲ್ಲಿ ಒಂದು ಗಂಟೆ, ಅಪ್‌ಲೋಡ್ ವೇಗನೂ ಕಳಿಸೋ ಹೊತ್ತನ್ನೂ ಪ್ರೈಮ್95 ಒಳಗೇ ಕಟ್ಟಬಹುದು.

ಕೆಲಸ ಎಷ್ಟು ದಿನಕ್ಕಾಗೋವಷ್ಟು ತುಂಬಿಟ್ಕೊಬೇಕು ಅನ್ನೋದು ನೀವು ಕೇಳಿಲ್ಲ, ಆದ್ರೆ ಮಳೆಗಾಲ ಬರುತ್ತೆ, ಲೈನು ಬೀಳುತ್ತೆ, ಆಗ ಕೇಳೇ ಕೇಳ್ತೀರ. ಸುಮ್ನೆ ಬಿಟ್ರೆ ಬಾಯಿಂಕ್ ಬರೀ ಅರ್ಧ ದಿನಕ್ಕಾಗೋವಷ್ಟು ಇಟ್ಕೊಳುತ್ತೆ. ರಾತ್ರಿ ಮಾತ್ರ ನೆಟ್ಟು ಕೊಡೋದಾದ್ರೆ ಒಂದೂವರೆ ದಿನದ್ದಾದ್ರೂ ಇರ್ಲಿ. ಗಾಳಿ ಮಳೆಗೆ ಕಂಬ ಬಿದ್ದು ನಾಲ್ಕು ದಿನ ಲೈನ್ ಇರಲ್ಲ ಅಂತ ಗೊತ್ತಿದ್ರೆ ಮೂರು ದಿನದ್ದು ಇಟ್ಕೊಳಿ. ಹತ್ತು ದಿನದ್ದು ತುಂಬಿಸ್ಬಿಡೋಣ ಅನ್ನೋ ಆಸೆ ಎಲ್ರಿಗೂ ಬರುತ್ತೆ, ಬೇಡ. ಕರೆಂಟೂ ಹೋಗಿ ಮೆಶೀನ್ ಎರಡು ದಿನ ಆಫ್ ಆಯ್ತು ಅಂದ್ರೆ ಗಡುವೆಲ್ಲ ಒಟ್ಟಿಗೆ ಬಂದು ಮೇಲೆ ಬೀಳುತ್ತೆ, ಇಳಿಸಿದ ಎಂಬಿನೂ ದಂಡ.

ಲ್ಯಾಪ್‌ಟಾಪ್ ಇದ್ರೆ ಇನ್ನೊಂದು ದಾರಿ ಇದೆ, ಅರೆಸಿಬೊ ದಾರಿ. ಮನೇಲಿ ನೆಟ್ಟಿಲ್ದೆ ಲೆಕ್ಕ ಮಾಡಿಸಿ ಶನಿವಾರ ಶಿವಮೊಗ್ಗಕ್ಕೋ ಸಾಗರಕ್ಕೋ ಹೋದಾಗ ನೆಂಟರ ಮನೆ ವೈಫೈಯಲ್ಲಿ ಕಳಿಸಿ ಹೊಸದು ತುಂಬ್ಸಿಕೊಂಡು ಬರೋದು. ನನ್ನ ಗೆಳೆಯರೊಬ್ರು ಹೀಗೇ ಮಾಡ್ತಾರೆ. ಆದ್ರೆ ಡೆಸ್ಕ್‌ಟಾಪಿನ ಬಾಯಿಂಕ್ ಫೋಲ್ಡರ್ ಕಾಪಿ ಮಾಡಿ ಪೆನ್‌ಡ್ರೈವಲ್ಲಿ ಬೇರೆ ಕಂಪ್ಯೂಟರಿಗೆ ಹಾಕೋ ಸಾಹಸ ಮಾಡ್ಬೇಡಿ, ಸರ್ವರಿಗೆ ಒಂದೇ ಮೆಶೀನು ಎರಡು ಕಡೆ ಕಂಡು ಗೊಂದಲ ಆಗುತ್ತೆ. ಡೆಸ್ಕ್‌ಟಾಪಿಗೆ ನೆಟ್ಟೇ ಬೇಡ ಅನ್ನೋದಾದ್ರೆ ಗಿಂಪ್ಸಲ್ಲಿ ಕೈಯಾರೆ ಕೆಲಸ ಬರ್ಕೊಂಡು ಬಂದು ಫಲಿತಾಂಶ ಕೈಯಾರೆ ಕೊಡೋ ವ್ಯವಸ್ಥೆನೇ ಇದೆ, ಅಪವರ್ತನದ ಕೆಲಸಕ್ಕಂತೂ ಅಷ್ಟೇ ಸಾಕು.

ಮೊಬೈಲ್ ಹಾಟ್‌ಸ್ಪಾಟಿಂದ ಓಡಿಸ್ಬಹುದಾ ಅಂದ್ರೆ ಓಡಿಸ್ಬಹುದು, ಅದೇ ನೆಟ್‌ವರ್ಕ್ ಸೆಟ್ಟಿಂಗಲ್ಲಿ ಇಷ್ಟು ದಿನಕ್ಕೆ ಇಷ್ಟೇ ಎಂಬಿ ಅಂತ ಮಿತಿ ಹಾಕೋಕೆ ಜಾಗ ಇದೆ, ಹಾಕ್ದೇ ಮಾತ್ರ ಹಚ್ಚಬೇಡಿ, ಐನ್‌ಸ್ಟೈನಿನ ಮೊದಲ ದಿನದಲ್ಲೇ ನಿಮ್ಮ ದಿನದ ಪ್ಯಾಕ್ ಖಾಲಿ.

ಕರೆಂಟಿನ ವಿಷಯ ಚಿಕ್ಕದಾಗಿ. ಇಂಥ ಡೆಸ್ಕ್‌ಟಾಪ್ ಪೂರ್ತಿ ದುಡಿದಾಗ ಹತ್ರ ಹತ್ರ 100 ವ್ಯಾಟ್ ಅಂತ ಇಟ್ಕೊಂಡ್ರೆ ದಿನಕ್ಕೆ 2.4 ಯೂನಿಟ್, ತಿಂಗಳಿಗೆ 72. ಗೃಹಜ್ಯೋತಿಯಲ್ಲಿದ್ದೀರಿ ಅಂದ್ರೆ ಇದು ಲೆಕ್ಕಕ್ಕೆ ಬರುತ್ತೆ, 200 ದಾಟಿದ್ರೆ ಇಡೀ ಬಿಲ್ ನಿಮ್ಮ ಮೇಲೆ. ನಾಲ್ಕರಲ್ಲಿ ಎರಡೇ ಕೋರು ಓಡಿಸಿ, ಬಿಸಿನೂ ಕಡಿಮೆ, ಫ್ಯಾನಿನ ಸದ್ದೂ ಕಡಿಮೆ, ಮನೆಯವರಿಗೂ ಸಮಾಧಾನ. ನೆಟ್ಟಿಗಿಂತ ಮೊದಲು ಈ ಬಿಲ್ಲೇ ನಿಮ್ಮ ಮಿತಿ ಆದ್ರೂ ಆಗ್ಬಹುದು.

ಸ್ಕೂಲ್ ಲ್ಯಾಬಿನ ವಿಷಯಕ್ಕೆ ನಾನು ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ, ಬಾಯಿಮಾತಿನ ಒಪ್ಪಿಗೆ ಮೇಲೆ ಹಾಕ್ಬೇಡಿ. ಅಮೆರಿಕದ ಜಾರ್ಜಿಯಾದಲ್ಲಿ ಒಂದು ಕಾಲೇಜಿನ ಸಿಸ್ಟಂ ಅಡ್ಮಿನ್ ಕಾಲೇಜಿನ ಕಂಪ್ಯೂಟರುಗಳಲ್ಲಿ ಕೇಳದೇ ಇಂಥದ್ದೇ ಪ್ರೋಗ್ರಾಮ್ ಹಾಕಿ ಕ್ರಿಮಿನಲ್ ಕೇಸ್ ಎದುರಿಸ್ಬೇಕಾಯ್ತು, 2002ರಲ್ಲಿ ಒಂದು ವರ್ಷ ಪ್ರೊಬೇಷನ್ನು ದಂಡ ಅಂತ ರಾಜಿಯಾಗಿ ಮುಗೀತು. ಅಲ್ಲಿಯ ಕಾನೂನು ಬೇರೆ ಇಲ್ಲಿಯದು ಬೇರೆ, ಆದ್ರೆ ಸರ್ಕಾರಿ ಕರೆಂಟು, ಸರ್ಕಾರಿ ಮೆಶೀನು, ನಾಳೆ ಒಂದು ಮಾನಿಟರ್ ಸುಟ್ರೂ ಮೇಷ್ಟ್ರು ಏನೋ ಹಾಕಿದ್ರಂತೆ ಅಂತ ನಿಮ್ಮ ಹೆಸರೇ ಬರೋದು. ಹೆಡ್‌ಮಾಸ್ಟರಿಂದಲೂ ಎಸ್‌ಡಿಎಂಸಿಯಿಂದಲೂ ಬರವಣಿಗೇಲಿ ಒಪ್ಪಿಗೆ ತಗೊಂಡು, ಲ್ಯಾಬ್ ಪೀರಿಯಡ್ಡಲ್ಲಿ ಮಾತ್ರ, ಒಂದೇ ಮೆಶೀನಲ್ಲಿ, ಮಕ್ಕಳಿಗೆ ತೋರಿಸೋಕೆ ಅಂತ ಮಾಡಿದ್ರೆ ಚೆನ್ನಾಗಿರುತ್ತೆ. ಅವಿಭಾಜ್ಯ ಹುಡುಕೋದಕ್ಕಿಂತ ಒಳ್ಳೇ ಪಾಠ ಇನ್ನೆಲ್ಲಿ.

ಇವತ್ತು ರಾತ್ರಿ ಇಷ್ಟು ಮಾಡಿ. ಎಲ್ಲಾ ಪ್ರಾಜೆಕ್ಟಿಗೂ ನೋ ನ್ಯೂ ಟಾಸ್ಕ್ಸ್ ಒತ್ತಿ, ಅಪ್‌ಲೋಡ್ 35ಕ್ಕೆ ಕಟ್ಟಿ, ಒಂದು ಸಲಕ್ಕೆ ಒಂದೇ ಫೈಲು ಅಂತ ಮಾಡಿ, ಹೊತ್ತು 11ರಿಂದ 5. ಹನ್ನೊಂದು ಗಂಟೆಗೆ ಒಂದೇ ಒಂದು ಸಲ 'ರೀಟ್ರೈ ಪೆಂಡಿಂಗ್ ಟ್ರಾನ್ಸ್‌ಫರ್ಸ್' ಒತ್ತಿ ಮಲ್ಕೊಳಿ, ಪದೇ ಪದೇ ಒತ್ತಿದ್ರೆ ಏನೂ ಲಾಭ ಇಲ್ಲ. ಬೆಳಗ್ಗೆ ಟ್ಯಾಬ್ ಖಾಲಿ ಇದ್ರೆ ಒಂದೊಂದಾಗಿ ಹಗುರದ ಪ್ರಾಜೆಕ್ಟುಗಳಿಗೆ ಬಾಗಿಲು ತೆಗೀರಿ. ಎರಡು ಮೂರು ರಾತ್ರಿ ಆದ್ಮೇಲೂ ಅರ್ಧಕ್ಕರ್ಧ ಉಳಿದಿದ್ರೆ ಲೈನೇ ಆಗಾಗ ಕಟ್ ಆಗ್ತಿದೆ ಅಂತ ಅರ್ಥ, ಆಗ ಇವೆಂಟ್ ಲಾಗಿನ ಕೊನೆ ಐವತ್ತು ಸಾಲು, ರೂಟರಿನ ಡಿಎಸ್‌ಎಲ್ ಪೇಜಿನ (ಲೈನಿನ ಸ್ಥಿತಿ ತೋರಿಸೋ ಪೇಜು) ಫೋಟೋ ಕಳಿಸಿ. ತಾಮ್ರದ ಜಾಯಿಂಟಿಗೆ ನೀರು ಹೋಗಿದ್ರೆ ಅಲ್ಲೇ ಗೊತ್ತಾಗುತ್ತೆ.